ಎದುರುಮಾತಿಗೆ ಎಡೆಗೊಟ್ಟ ಗ್ರಂಥಗಳು

ರಾಜಕೀಯ, ಧರ್ಮ, ನ್ಯಾಯ, ಮನುಷ್ಯನ ಹಕ್ಕುಗಳು—ಈ ವಿಷಯಗಳನ್ನು ಕುರಿತ ಗ್ರಂಥಗಳು ಸಭೆ ಸಮಿತಿಗಳಿಗೆ ಸಲ್ಲತಕ್ಕವೇ ಹೊರತು ಗೃಹಸ್ಥರ ಮನೆಗಳಿಗೆ ತಕ್ಕವಲ್ಲವೆಂಬ ಭಾವನೆ ನಮ್ಮವರಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಕಥೆ ಕಾದಂಬರಿಗಳು ಬರಲಿ, ಸ್ತೋತ್ರದ ಪುಸ್ತಕ ಬರಲಿ, ಪಂಚಾಂಗವಂತೂ ಬಂದೇ ಬರಬೇಕು. ಆದರೆ ನ್ಯಾಯಾನ್ಯಾಯಗಳನ್ನು ಚರ್ಚಿಸುವ ಪುಸ್ತಕವೊಂದು ಹೊಸಿಲು ದಾಟಿತೆಂದರೆ ಅದರ ಬೆನ್ನಿಗೇ ಜಗಳವೂ ಒಳಗೆ ಬಂದಿತೆಂದು ಹಿರಿಯರು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವೇ ಇಲ್ಲವೆಂದು ನಾವು ಹೇಳುವುದಿಲ್ಲ. ಜಗಳ ಬರುವುದುಂಟು. ಬಂದ ಜಗಳವನ್ನು ಮನೆ ಮುರಿಯದಂತೆ ನಡೆಯಿಸಿಕೊಂಡು ಹೋಗಲು ಕೆಲವು ಗ್ರಂಥಗಳೇ ದಾರಿ ತೋರಿಸಿವೆ ಎಂಬುದನ್ನು ಮಾತ್ರ ವಾಚಕರ ಮುಂದಿಡಲು ಬಯಸುತ್ತೇವೆ.

ಯೋಚಿಸಿ ನೋಡಿದರೆ ಇಂತಹ ಗ್ರಂಥಗಳು ನಮ್ಮ ಮನೆಗಳಿಗೆ ಹೊಸವೇನೂ ಅಲ್ಲ. ಕನ್ನಡ ನಾಡಿನ ಎಷ್ಟೋ ಪಡಸಾಲೆಗಳಲ್ಲಿ ಗದುಗಿನ ಭಾರತವನ್ನು ರಾಗವಾಗಿ ಓದುವುದು ಒಂದು ಕಾಲದ ನಿತ್ಯದ ಪದ್ಧತಿಯಾಗಿತ್ತು. ಅದರ ಸಭಾಪರ್ವದಲ್ಲಿ ದ್ರೌಪದಿ ಕೇಳುವುದೇನು? ತನ್ನನ್ನು ತಾನೇ ಸೋತುಕೊಂಡವನಿಗೆ ಹೆಂಡತಿಯನ್ನು ಪಣವಾಗಿಡುವ ಅಧಿಕಾರ ಎಲ್ಲಿ ಉಳಿಯಿತೆಂದಲ್ಲವೆ? ಇದು ಶುದ್ಧವಾದ ನ್ಯಾಯದ ಪ್ರಶ್ನೆ. ಭೀಷ್ಮಾದಿಗಳಿಂದ ಅದಕ್ಕೆ ನೇರವಾದ ಉತ್ತರ ಹೊರಡಲಿಲ್ಲ. ಆಕೆಯ ಪಕ್ಷವನ್ನು ಹಿಡಿದು ಎದ್ದವನು ಕೌರವರಲ್ಲಿಯೇ ಒಬ್ಬನಾದ ವಿಕರ್ಣ. ಮಕ್ಕಳು ಮುದುಕರೆನ್ನದೆ ಎಲ್ಲರೂ ಕೂತು ಆ ಪ್ರಶ್ನೆಯನ್ನು ಕೇಳಿದ ಮನೆಗಳಿಗೆ ನ್ಯಾಯಗ್ರಂಥ ಹೊರಗಿನ ವಸ್ತುವಾಗುವುದಾದರೂ ಹೇಗೆ?

ಇಂದು ಇಂತಹ ಪುಸ್ತಕಗಳಿಗೆ ಕೊರತೆಯಿಲ್ಲ. ಆರಿಸುವ ಕಷ್ಟವೇ ದೊಡ್ಡದು. ನಾವು ಪುಸ್ತಕದಂಗಡಿಯಲ್ಲಿ ನಿಂತು ಒಂದು ಸಣ್ಣ ಪರೀಕ್ಷೆಯನ್ನು ಮಾಡುತ್ತೇವೆ. ಈ ಗ್ರಂಥದಲ್ಲಿ ಗ್ರಂಥಕರ್ತನಿಗೆ ಎದುರಾಗಿ ನಿಂತವನ ಮಾತು ಅವನದೇ ಬಲದಿಂದ ಕೇಳುತ್ತಿದೆಯೆ? ಅಥವಾ ಹುಲ್ಲಿನ ಬೊಂಬೆಯೊಂದನ್ನು ನಿಲ್ಲಿಸಿ, ಅದನ್ನು ಕೆಡವಿ, ಗೆದ್ದೆನೆಂದು ಹೇಳಿಕೊಂಡಿದೆಯೆ? ಮೊದಲನೆಯ ಬಗೆಯ ಪುಸ್ತಕವಾದರೆ ಅದರ ಸಿದ್ಧಾಂತ ನಮಗೆ ಒಪ್ಪಿಗೆಯಾಗಲಿ ಬಿಡಲಿ, ಮನೆಗೆ ತರುತ್ತೇವೆ.

ಈ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗುವ ಒಂದು ಸಣ್ಣ ಪುಸ್ತಕ ಗಾಂಧೀಜಿಯವರ ‘ಹಿಂದ್ ಸ್ವರಾಜ್’. ೧೯೦೯ರ ನವೆಂಬರಿನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುತ್ತಿದ್ದ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ, ಹತ್ತು ದಿನಗಳಲ್ಲಿ, ಬಲಗೈ ದಣಿದಾಗ ಎಡಗೈಯಿಂದ ಅವರು ಅದನ್ನು ಗುಜರಾತಿಯಲ್ಲಿ ಬರೆದರು. ಅದು ವಾಚಕ ಮತ್ತು ಸಂಪಾದಕ ಎಂಬಿಬ್ಬರ ಸಂಭಾಷಣೆಯ ರೂಪದಲ್ಲಿದೆ. ಶಸ್ತ್ರ ಹಿಡಿದಾದರೂ ಆಂಗ್ಲರನ್ನು ಹೊರಗಟ್ಟಬೇಕೆಂಬ ತರುಣರನ್ನು ಗಾಂಧೀಜಿ ಲಂಡನ್ನಿನಲ್ಲಿ ಕಂಡು ಬಂದಿದ್ದರು. ಆ ಬಿಸಿಯೆಲ್ಲ ‘ವಾಚಕ’ನ ಬಾಯಲ್ಲಿದೆ. ಮುಂಬಯಿ ಸರ್ಕಾರ ೧೯೧೦ರಲ್ಲಿ ಆ ಪುಸ್ತಕವನ್ನು ನಿಷೇಧಿಸಿತು. ೧೯೧೯ರ ಏಪ್ರಿಲ್ ೬ರ ಸಂಜೆ ಗಾಂಧೀಜಿಯವರೂ ಸರೋಜಿನೀ ನಾಯಡು ಅವರೂ ಮುಂಬಯಿಯ ಬೀದಿಗಳಲ್ಲಿ ಅದನ್ನು ಬಹಿರಂಗವಾಗಿ ಮಾರಿದರು. ಕೊಂಡವರಿಗೂ ಸೆರೆಮನೆಯಾಗಬಹುದೆಂದು ಮೊದಲೇ ತಿಳಿಸಿ ಮಾರಿದರಂತೆ. ಬೆಲೆ ನಾಲ್ಕಾಣೆ; ಅದಕ್ಕೆ ಐವತ್ತು ರೂಪಾಯಿ ಕೊಟ್ಟವರೂ ಇದ್ದರೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ.

ಆದರೆ ಎದುರಾಳಿಯನ್ನು ತಾನೇ ಕಲ್ಪಿಸಿ ಮಾತನಾಡಿಸುವುದಕ್ಕಿಂತಲೂ ಕಠಿನವಾದ ಕೆಲಸವೊಂದಿದೆ. ಜೀವಂತನಾದ, ಕೀರ್ತಿಯಲ್ಲಿ ತನಗಿಂತ ಮಿಗಿಲಾದ ಎದುರಾಳಿಯ ಮಾತನ್ನು ಒಂದಕ್ಷರವೂ ಬಿಡದೆ ತನ್ನ ಪುಸ್ತಕದೊಳಗೇ ಅಚ್ಚುಹಾಕಿಸುವುದು ಆ ಕೆಲಸ. ಅದನ್ನು ಮಾಡಿದವರು ಡಾಕ್ಟರ್ ಭೀಮರಾವ್ ಅಂಬೇಡ್ಕರರು. ಆ ಎದುರಾಳಿ ಗಾಂಧೀಜಿಯವರೇ.

ಸಂಗತಿ ನಡೆದುದು ಹೀಗೆ. ಲಾಹೋರಿನಲ್ಲಿ ಜಾತ್‌ಪಾತ್ ತೋಡಕ್ ಮಂಡಲವೆಂಬ ಸಮಾಜಸುಧಾರಕರ ಸಂಘವಿತ್ತು. ಜಾತಿಯನ್ನು ಮುರಿಯುವುದೇ ಅದರ ಉದ್ದೇಶ. ೧೯೩೬ರ ತನ್ನ ವಾರ್ಷಿಕ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬರಬೇಕೆಂದು ಅದು ಅಂಬೇಡ್ಕರರನ್ನು ಕರೆಯಿತು. ಅವರು ಭಾಷಣವನ್ನು ಸಿದ್ಧಪಡಿಸಿ ಮುಂಬಯಿಯಲ್ಲಿಯೇ ಅಚ್ಚಿಗೆ ಕೊಟ್ಟರು. ಅದನ್ನು ಮುಂದಾಗಿ ಓದಿದ ಮಂಡಲದವರಿಗೆ ಹೆದರಿಕೆಯಾಯಿತು. ವೇದಶಾಸ್ತ್ರಗಳ ಪ್ರಾಮಾಣ್ಯವನ್ನು ಕುರಿತ ಮಾತುಗಳನ್ನು ಬಿಡಬೇಕೆಂದು ಅವರು ಬರೆದರು. ಒಂದು ಅಲ್ಪವಿರಾಮವನ್ನೂ ಬದಲಾಯಿಸುವುದಿಲ್ಲವೆಂದು ಅಂಬೇಡ್ಕರರು ಉತ್ತರಿಸಿದರು. ಸಮ್ಮೇಳನ ನಿಂತುಹೋಯಿತು. ಆಡದೆ ಉಳಿದ ಆ ಭಾಷಣದ ೧೫೦೦ ಪ್ರತಿಗಳನ್ನು, ಮಂಡಲದವರ ಕಾಗದಗಳನ್ನೂ ಮುಂದೆ ಸೇರಿಸಿ, ಅವರು ಸ್ವಂತ ಖರ್ಚಿನಿಂದ ಪ್ರಕಟಿಸಿದರು. ಅದೇ ‘ಜಾತಿ ವಿನಾಶ’ವೆಂದು ಕನ್ನಡಿಗರೂ ಬಲ್ಲ ಗ್ರಂಥ.

ಅದೇ ವರ್ಷದ ಜುಲೈ ತಿಂಗಳಲ್ಲಿ ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಅದನ್ನು ಖಂಡಿಸಿ ಬರೆದರು. ಯಾವ ಸುಧಾರಕನೂ ಈ ಭಾಷಣವನ್ನು ಅಲಕ್ಷಿಸಲಾರನೆಂದು ಅವರು ಒಪ್ಪಿಕೊಂಡರು. ಎಂಟಾಣೆಯ ಬೆಲೆ ಹೆಚ್ಚಾಯಿತು, ಎರಡಾಣೆ, ಹೋಗಲಿ, ನಾಲ್ಕಾಣೆಯಾದರೂ ಆಗಬಹುದಿತ್ತೆಂದೂ ಸೂಚಿಸಿದರು. ತಾವು ಖಂಡಿಸುತ್ತಿದ್ದ ಪುಸ್ತಕ ಹೆಚ್ಚು ಜನರ ಕೈಗೆ ಸೇರಲೆಂಬ ಈ ಆಸೆ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವರ ಮುಖ್ಯವಾದ ಆಕ್ಷೇಪಣೆ, ಒಂದು ಧರ್ಮವನ್ನು ಅದರ ಅತ್ಯುತ್ತಮರನ್ನು ನೋಡಿ ಅಳೆಯಬೇಕೇ ಹೊರತು ಅಧಮರನ್ನು ನೋಡಿ ಅಲ್ಲವೆಂಬುದು. ೧೯೩೭ರ ಎರಡನೆಯ ಮುದ್ರಣದಲ್ಲಿ ಅಂಬೇಡ್ಕರರು ಆ ಲೇಖನಗಳನ್ನು ಹಾಗೆಯೇ ಅನುಬಂಧವಾಗಿ ಸೇರಿಸಿ, ಅದರ ಮುಂದೆ ತಮ್ಮ ಉತ್ತರವನ್ನೂ ಇಟ್ಟರು. ಉತ್ತಮರು ಅಷ್ಟು ಕಡಿಮೆಯಾಗಿಯೂ ಅಧಮರು ಅಷ್ಟು ಹೆಚ್ಚಾಗಿಯೂ ಇರಲು ಕಾರಣವೇನೆಂಬುದು ಅವರ ಮರುಪ್ರಶ್ನೆ.

ಈ ಗ್ರಂಥ ನಮ್ಮ ಮನೆಯಲ್ಲಿ ಓದಲ್ಪಟ್ಟ ಸಂದರ್ಭವನ್ನು ಈಗ ಹೇಳಬೇಕಾಗಿದೆ. ನಮ್ಮ ಅಣ್ಣನವರ ಮಗಳು ತನ್ನೊಡನೆ ಓದಿದ ತರುಣನೊಬ್ಬನನ್ನು ಮದುವೆಯಾಗಲು ನಿಶ್ಚಯಿಸಿದಳು. ಹುಡುಗ ವಿದ್ಯಾವಂತ, ಕಾಲೇಜಿನಲ್ಲಿ ಅಧ್ಯಾಪಕ, ನಡೆನುಡಿಗಳಲ್ಲಿ ಮೃದು. ಆತನ ತಾತನವರು ಮಾತ್ರ ಊರ ಹೊರಗಿನ ಕೇರಿಯಲ್ಲಿ ಬಾಳಿದವರು. ಅಣ್ಣನವರು ತ್ರಿಕಾಲ ಸಂಧ್ಯಾವಂದನೆಯನ್ನು ತಪ್ಪದವರು. ಪ್ರತಿ ಸಂಜೆ ಗದುಗಿನ ಭಾರತವನ್ನು ಮನೆಮಂದಿಗೆ ಓದಿಹೇಳುವವರು. ಮಗಳೊಡನೆ ಅವರು ಮಾತು ಬಿಟ್ಟರು. ಅವಳು ೧೯೫೪ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ವಿವಾಹಾಧಿಕಾರಿಗೆ ನೋಟೀಸನ್ನು ಕೊಟ್ಟುಬಂದು, “ಅಪ್ಪಾ, ಇನ್ನು ಮೂವತ್ತು ದಿನವಿದೆ. ಅಷ್ಟರೊಳಗೆ ನನ್ನೊಡನೆ ಮಾತಾಡಿ; ಬೈದರೂ ಆಗಬಹುದು” ಎಂದಳು. ಅವರು ಎದ್ದು ಒಳಗೆ ಹೋದರು. ಅಂದಿನಿಂದ ಸಂಜೆಯ ಓದೂ ನಿಂತಿತು.

ವಾರ ಕಳೆದ ಮೇಲೆ ನಾವು ಅಣ್ಣನವರ ಬಳಿ ಕುಳಿತು, ಓದನ್ನು ನಿಲ್ಲಿಸಬೇಡಿ, ಪುಸ್ತಕವನ್ನು ಮಾತ್ರ ಬದಲಾಯಿಸೋಣವೆಂದು ಕೇಳಿಕೊಂಡೆವು. “ಶಾಸ್ತ್ರವನ್ನು ಬೈಯುವ ಪುಸ್ತಕವನ್ನು ಕೇಳಿಕೊಂಡು ಸುಮ್ಮನೆ ಕೂರಲು ನನ್ನಿಂದಾಗದು. ಬೈದದ್ದಕ್ಕೆ ಉತ್ತರವೂ ಅಲ್ಲಿಯೇ ಇರಬೇಕು” ಎಂದು ಅವರು ಕಟ್ಟುಮಾಡಿದರು. ಆ ಕಟ್ಟಿಗೆ ಸರಿಹೊಂದುವ ಗ್ರಂಥ ನಮ್ಮ ಕಪಾಟಿನಲ್ಲಿಯೇ ಇದ್ದಿತು. ನಮ್ಮದೂ ಒಂದು ಕಟ್ಟುಪಾಡನ್ನು ಸೇರಿಸಿದೆವು: ಅಂಬೇಡ್ಕರರ ಮಾತನ್ನು ಅಣ್ಣನವರು ಓದಬೇಕು, ಗಾಂಧೀಜಿಯವರ ಮಾತನ್ನು ಮಗಳು ಓದಬೇಕು, ಓದುವಾಗ ಟೀಕೆ ಕೂಡದು. ಎದುರಾಳಿಯ ಮಾತು ಸ್ವಂತ ಕಂಠದಿಂದ ಹೊರಟಾಗಲೇ ಅದರ ತೂಕ ನಮಗೆ ತಿಳಿಯುತ್ತದೆಂಬುದು ನಮ್ಮ ಎಣಿಕೆ.

ಅಣ್ಣನವರದು ಗಮಕಕ್ಕೆ ಪಳಗಿದ ಕಂಠ. ಮೊದಲ ಸಂಜೆ ಅದು ಬಿಗಿಯಾಗಿಯೇ ಇತ್ತು. ಎರಡನೆಯ ಸಂಜೆ ಜಯಪುರ ಸಂಸ್ಥಾನದ ಚಕ್ವಾರಾ ಎಂಬ ಹಳ್ಳಿಯ ಪ್ರಸಂಗ ಬಂದಿತು. ೧೯೩೬ರ ಏಪ್ರಿಲಿನಲ್ಲಿ ಅಲ್ಲಿಯ ಅಸ್ಪೃಶ್ಯನೊಬ್ಬನು ತೀರ್ಥಯಾತ್ರೆಯನ್ನು ಮುಗಿಸಿ ಬಂದು, ಪುಣ್ಯಕಾರ್ಯವೆಂದು ತನ್ನವರಿಗೆ ಊಟವಿಟ್ಟನು. ಊಟದಲ್ಲಿ ತುಪ್ಪವನ್ನು ಬಡಿಸಿದ್ದನು. ಅವರು ತುಪ್ಪ ತಿನ್ನುವುದು ತಮಗೆ ಅವಮಾನವೆಂದು ಊರಿನ ಸವರ್ಣೀಯರು ನೂರಾರು ಮಂದಿ ಬಡಿಗೆಗಳನ್ನು ಹಿಡಿದು ಬಂದು, ಊಟವನ್ನು ಹಾಳುಮಾಡಿ, ಉಣ್ಣುತ್ತಿದ್ದವರನ್ನು ಹೊಡೆದೋಡಿಸಿದರು. ಅಣ್ಣನವರು ಅದರ ಹಿಂದಿನ ವರ್ಷವೇ ಕಾಶಿಗೆ ಹೋಗಿ ಬಂದು ನಮ್ಮ ಮನೆಯಲ್ಲಿ ಸಮಾರಾಧನೆಯನ್ನು ಮಾಡಿದ್ದರು. ಎಲೆ ಎಲೆಗೂ ತಾವೇ ಹೋಗಿ ತುಪ್ಪವನ್ನು ವಿಚಾರಿಸಿದ್ದರು. ಆ ವಾಕ್ಯದ ನಡುವೆ ಅವರ ಧ್ವನಿ ನಿಂತಿತು. “ತೀರ್ಥಯಾತ್ರೆ ಮಾಡಿ ಬಂದವನು” ಎಂದಷ್ಟೇ ಹೇಳಿ, ಗುರುತಿನ ದಾರವನ್ನಿಟ್ಟು ಪುಸ್ತಕವನ್ನು ಮುಚ್ಚಿದರು. ಮರುದಿನ ಸಂಜೆ ಅದೇ ವಾಕ್ಯದಿಂದ ಮುಂದುವರಿಸಿದರು.

ಅವರಿಗೆ ಆಶ್ಚರ್ಯವನ್ನುಂಟುಮಾಡಿದ ಇನ್ನೊಂದು ಸಂಗತಿಯೂ ಅಲ್ಲಿತ್ತು. ಗ್ರಂಥಕರ್ತರು ಧರ್ಮವೇ ಬೇಡವೆಂದು ಹೇಳುತ್ತಾರೆಂದು ಅವರು ತಿಳಿದಿದ್ದರು. ಓದಿದಾಗ ಕಂಡದ್ದು ಬೇರೆ. ಬರಿಯ ವಿಧಿನಿಷೇಧಗಳ ಕಟ್ಟಳೆ ಬೇಡ, ತತ್ತ್ವಗಳ ಮೇಲೆ ನಿಂತ ಧರ್ಮ ಬೇಕು, ಅದಕ್ಕೆ ಪರದೇಶದ ಕಡೆಗೆ ನೋಡದೆ ಉಪನಿಷತ್ತುಗಳಿಂದಲೇ ಆಧಾರ ಪಡೆಯಬಹುದು—ಎಂಬ ಮಾತು ಅಲ್ಲಿದೆ. ಇತ್ತ ಮಗಳು ಗಾಂಧೀಜಿಯವರ ವರ್ಣಧರ್ಮದ ಸಮರ್ಥನೆಯನ್ನು, ತನಗೆ ಒಂದಿಷ್ಟೂ ಒಪ್ಪಿಗೆಯಿಲ್ಲದಿದ್ದರೂ, ವ್ಯಂಗ್ಯದ ಎಳೆಯೂ ಸೇರದಂತೆ ಓದಿದಳು. ತಂದೆಯ ಮನಸ್ಸಿನಲ್ಲಿರುವುದು ದ್ವೇಷವಲ್ಲ, ಕೈಯಲ್ಲಿ ಹಿಡಿದದ್ದೆಲ್ಲ ಜಾರಿಹೋಗುವುದೆಂಬ ಭಯವೆಂಬುದು ಆ ಓದಿನಲ್ಲಿ ತನಗೆ ತಿಳಿಯಿತೆಂದು ಅವಳು ಆಮೇಲೆ ನಮಗೆ ಹೇಳಿದಳು.

ನಾಲ್ಕೈದು ಸಂಜೆ ಸುಮ್ಮನೆ ಬತ್ತಿ ಹೊಸೆಯುತ್ತ ಕೇಳಿದ ಅತ್ತಿಗೆಯವರು ಒಂದು ದಿನ, “ಕಾಗದ ಬರೆದವರೂ ಗಂಡಸರು, ಉತ್ತರ ಕೊಟ್ಟವರೂ ಗಂಡಸರು. ಮದುವೆಯಾಗಿ ಮನೆ ಬಿಟ್ಟು ಹೋಗುವವಳು ಹೆಣ್ಣಲ್ಲವೆ? ಅವಳ ಮಾತು ಎಲ್ಲಿದೆ?” ಎಂದರು. ಪ್ರಶ್ನೆ ಸರಿಯಾದದ್ದೇ. ಅಂಬೇಡ್ಕರರು ೧೯೧೬ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಜಾತಿಯ ಹುಟ್ಟನ್ನು ಕುರಿತು ಒಂದು ಪ್ರಬಂಧವನ್ನು ಬರೆದಿದ್ದರು. ತನ್ನೊಳಗೇ ಕೊಟ್ಟು ತರುವ ಮದುವೆಯ ನಿಯಮವೇ ಜಾತಿಯ ಬೇರು, ಸಹಗಮನ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಆ ನಿಯಮವನ್ನು ಕಾಪಾಡಲು ಹುಟ್ಟಿದ ಉಪಾಯಗಳು ಎಂಬುದು ಅದರ ಸಾರ. ಜಾತಿಯ ಬೇಲಿಯನ್ನು ಹೆಣ್ಣಿನ ಬದುಕಿನಿಂದಲೇ ಹೆಣೆದಿದ್ದಾರೆಂದು ಹೇಳಿದಂತಾಯಿತು. ೧೯೪೪ರ ಮೂರನೆಯ ಮುದ್ರಣದಲ್ಲಿ ಆ ಪ್ರಬಂಧವನ್ನೂ ಇದೇ ಗ್ರಂಥಕ್ಕೆ ಸೇರಿಸಿದ್ದಾರೆ. ಅತ್ತಿಗೆಯವರಿಗಾಗಿ ಅದನ್ನೂ ಓದಿದೆವು.

ಆ ಸಂಜೆಯೇ ನಾವು ಹಂಸಾ ಮೆಹತಾ ಅವರ ವಿಷಯವನ್ನೂ ಹೇಳಿದೆವು. ವಿಶ್ವಸಂಸ್ಥೆಯ ಮಾನವಹಕ್ಕುಗಳ ಘೋಷಣೆ ೧೯೪೮ರ ಡಿಸೆಂಬರ್ ೧೦ರಂದು ಪ್ಯಾರಿಸ್ಸಿನಲ್ಲಿ ಅಂಗೀಕೃತವಾಯಿತು. ಅದರಲ್ಲಿ ಮೂವತ್ತು ವಿಧಿಗಳು. ಮೊದಲನೆಯ ವಿಧಿಯ ಕರಡಿನಲ್ಲಿ ಹುಟ್ಟಿನಿಂದ ಸ್ವತಂತ್ರರೂ ಸಮಾನರೂ ಆದವರು ‘ಎಲ್ಲ ಪುರುಷರು’ ಎಂದು ಅರ್ಥ ಬರುವ ಆಂಗ್ಲ ಶಬ್ದವಿತ್ತು. ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹತಾ ಅವರು ಅದಕ್ಕೆ ಒಪ್ಪಲಿಲ್ಲ. ಅವರ ಹಟದಿಂದ ಅದು ‘ಎಲ್ಲ ಮಾನವರು’ ಎಂದಾಯಿತು. ಆ ಶಬ್ದದಲ್ಲಿ ಹೆಂಗಸರೂ ಸೇರಿಯೇ ಇದ್ದಾರೆಂದು ಸಮಾಧಾನ ಹೇಳುವವರಿದ್ದರು. ಸೇರಿದ್ದಾರೆಂದು ಊಹಿಸಿಕೊಳ್ಳುವುದಕ್ಕೂ ಬರವಣಿಗೆಯಲ್ಲಿ ಇರುವುದಕ್ಕೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರು. ಅವರ ಸ್ವಂತ ವಿವಾಹವೂ ಜಾತಿಯ ಎಲ್ಲೆಯನ್ನು ದಾಟಿದ್ದೇ ಎಂದು ತಿಳಿದಾಗ ಅತ್ತಿಗೆಯವರು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟು, “ಆಕೆಯ ತಾಯಿ ಏನೆಂದರಂತೆ?” ಎಂದು ಕೇಳಿದರು. ಅಲ್ಲಿದ್ದ ಯಾರಿಗೂ ನಗು ಬರಲಿಲ್ಲ.

ಕಡೆಯ ಸಂಜೆ ಅಂಬೇಡ್ಕರರ ಉತ್ತರ. ಅದರಲ್ಲಿ, ದೇವರ ಮುಂದೆ ಎಲ್ಲರೂ ಸಮಾನರೆಂದು ಸಂತರು ಹೇಳಿದರೇ ಹೊರತು ಮನುಷ್ಯ ಮನುಷ್ಯರೊಳಗಿನ ಜಾತಿಯ ಮೇಲೆ ಹೋರಾಟ ಹೂಡಲಿಲ್ಲವೆಂಬ ಆಪಾದನೆ ಬರುತ್ತದೆ. ಅಣ್ಣನವರು ಓದಿ ಮುಗಿಸಿ, ನಿಯಮವನ್ನು ಮೀರಿ, “ಇದು ಕನ್ನಡನಾಡಿಗೆ ಸಲ್ಲದ ಮಾತು. ನಮ್ಮ ಬಸವಣ್ಣನವರಿರಲಿಲ್ಲವೆ?” ಎಂದರು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ಹೊರತಂದ ‘ವಚನಶಾಸ್ತ್ರಸಾರ’ವನ್ನು ಬಲ್ಲವರು ಅವರು, ಅಲ್ಲಮಪ್ರಭು ಶರಣರನ್ನು ಒಬ್ಬೊಬ್ಬರನ್ನಾಗಿ ಪ್ರಶ್ನಿಸುತ್ತ ಹೋಗುವ ‘ಶೂನ್ಯಸಂಪಾದನೆ’ಯನ್ನೂ ಓದಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಚರ್ಮದ ಕಾಯಕದ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳನ್ನು ಕೊಟ್ಟು ಮದುವೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಆ ಕಥೆಯನ್ನು ಅಣ್ಣನವರು ಬಹಳ ಅಭಿಮಾನದಿಂದ ಹೇಳಿದರು. ಮಗಳು ಮೆಲ್ಲನೆ, “ಆ ಮದುವೆಗೆ ಕಲ್ಯಾಣದ ದೊಡ್ಡವರು ಏನು ಮಾಡಿದರು ಅಪ್ಪಾ?” ಎಂದಳು. ಬಿಜ್ಜಳನ ಆಜ್ಞೆಯಿಂದ ಆ ಇಬ್ಬರು ತಂದೆಯರೂ ಕ್ರೂರವಾದ ಮರಣದಂಡನೆಗೆ ಗುರಿಯಾದರೆಂಬುದು ಕಥೆಯ ಮುಂದಿನ ಭಾಗ. ಅಣ್ಣನವರು ಅದನ್ನು ಹೇಳಲಿಲ್ಲ. ಎಲ್ಲರಿಗೂ ತಿಳಿದೇ ಇತ್ತು.

ಮದುವೆಯ ದಿನ ವಿವಾಹಾಧಿಕಾರಿಯ ಕಚೇರಿಗೆ ಅವರು ಬರಲಿಲ್ಲ. ಕಾಯಿದೆಯಂತೆ ಬೇಕಾದ ಮೂವರು ಸಾಕ್ಷಿಗಳಲ್ಲಿ ನಾವೊಬ್ಬರು, ಹುಡುಗನ ಸೋದರಮಾವ ಒಬ್ಬರು. ಮೂರನೆಯ ರುಜುವನ್ನು ಹಾಕಿದವರು ಅತ್ತಿಗೆಯವರು. ಸಂಜೆ ಮನೆಯಲ್ಲಿ ಎರಡೂ ಕಡೆಯವರಿಗೆ ಊಟವಿತ್ತು. ಎಲೆಗಳ ಮುಂದೆ ಎಲ್ಲರೂ ಕುಳಿತಾಗ ಅಣ್ಣನವರು ಒಳಗಿನಿಂದ ತುಪ್ಪದ ಗಿಂಡಿಯನ್ನು ಹಿಡಿದು ಬಂದು ಹುಡುಗನ ಅಜ್ಜಿಯ ಎಲೆಯಿಂದ ಬಡಿಸತೊಡಗಿದರು. ಅವರು ವೇದದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಇಂದಿಗೂ ಬದಲಾಯಿಸಿಕೊಂಡಿಲ್ಲ. ಅಳಿಯನೊಡನೆ ಅದರ ಮೇಲೆ ವಾದ ನಡೆಯುತ್ತಲೇ ಇದೆ. ನಮ್ಮ ಬಂಧುಗಳಲ್ಲಿ ಎರಡು ಮನೆಯವರು ಅಂದಿನಿಂದ ನಮ್ಮಲ್ಲಿಗೆ ಬರುವುದನ್ನು ಬಿಟ್ಟಿದ್ದಾರೆ. ಪುಸ್ತಕದಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು.

ಇನ್ನೊಂದು ಮಾತನ್ನು ಮರೆಯಬಾರದು. ಇಬ್ಬರ ಮಾತನ್ನೂ ಕೇಳುವುದೆಂದರೆ ನ್ಯಾಯವನ್ನು ಇಬ್ಬರಿಗೂ ಅರ್ಧರ್ಧ ಹಂಚಿಕೊಡುವುದೆಂದು ಯಾರೂ ತಿಳಿಯಬಾರದು. ಪೆಟ್ಟು ತಿಂದವನ ಮಾತಿಗೂ ಪೆಟ್ಟನ್ನು ಕುರಿತು ಕೇಳಿದವನ ಮಾತಿಗೂ ತೂಕ ಒಂದೇ ಆಗಲಾರದು. ಅಂಬೇಡ್ಕರರು ಗಾಂಧೀಜಿಯವರ ಲೇಖನವನ್ನು ಅಚ್ಚುಹಾಕಿಸಿದುದು ತಮ್ಮ ಸತ್ಯವನ್ನು ಅರ್ಧ ಬಿಟ್ಟುಕೊಡಲಿಕ್ಕಲ್ಲ. ಅದನ್ನು ಬಯಲಿನಲ್ಲಿ ನಿಲ್ಲಿಸಲಿಕ್ಕೆ. ನಮ್ಮ ಓದಿನ ವಿಷಯವನ್ನು ಅಳಿಯನಿಗೆ ಹೇಳಿದಾಗ ಆತ ನಕ್ಕು, “ನಮ್ಮ ಮನೆಯಲ್ಲಿ ಆ ಪುಸ್ತಕದ ಮೊದಲ ಭಾಗವನ್ನು ಓದಬೇಕಾಗಿಯೇ ಇರಲಿಲ್ಲ. ಅಜ್ಜಿಗೆ ಬಾಯಿಪಾಠವಾಗಿತ್ತು” ಎಂದನು. ಅಜ್ಜಿಗೆ ಅಕ್ಷರ ಬಾರದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಅಂಬೇಡ್ಕರರ ಈ ಗ್ರಂಥ ಮಹಾರಾಷ್ಟ್ರ ಸರ್ಕಾರ ೧೯೭೯ರಲ್ಲಿ ಪ್ರಾರಂಭಿಸಿದ ಅವರ ಸಮಗ್ರ ಬರಹಗಳ ಮೊದಲನೆಯ ಸಂಪುಟದಲ್ಲಿದೆ. ಕನ್ನಡ ಅನುವಾದಗಳೂ ಉಂಟು. ಕೊಳ್ಳುವಾಗ ಗಾಂಧೀಜಿಯವರ ಲೇಖನವೂ ಅದರ ಉತ್ತರವೂ ಸೇರಿರುವ ಪ್ರತಿಯನ್ನು ಕೇಳಿ ಕೊಳ್ಳಿರಿ. ಒಬ್ಬೊಬ್ಬರೇ ಮೂಲೆಯಲ್ಲಿ ಓದಿ ಕಪಾಟಿಗೆ ಸೇರಿಸಬೇಡಿರಿ; ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿರಿ. ಯಾರಿಗೆ ಯಾವ ಪಕ್ಷ ಒಪ್ಪಿಗೆಯಿಲ್ಲವೋ ಅವರ ಕೈಗೆ ಆ ಪಕ್ಷದ ಪುಟಗಳನ್ನೇ ಕೊಡಿರಿ. ಅಡಿಗೆಮನೆಯ ಬಾಗಿಲನ್ನು ತೆರೆದಿಡಿರಿ. ಅಲ್ಲಿಂದ ಬರುವ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಸಿಕ್ಕದಿದ್ದರೆ ಇನ್ನೊಂದು ಪುಸ್ತಕವನ್ನು ತರಿಸಿರಿ. ಮನೆಯಲ್ಲಿ ಮಾತು ನಿಂತುಹೋಗಿರುವಾಗ ಇಷ್ಟನ್ನು ಮಾಡಿದರೂ ಒಬ್ಬರ ಕಂಠವನ್ನೊಬ್ಬರು ಕೇಳಿದಂತಾಗುತ್ತದೆ.